ಎದುರು ಮನೆಯ ಚೀಲ

ಅಡಿವೆಪ್ಪನವರು ಖಾಲಿ ಚೀಲ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಾಗ ನಾನು ಗಿರಣಿಯ ಜರಡಿಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಅಮಾವಾಸ್ಯೆಯ ದಿನ, ಗಿರಣಿಗೆ ರಜೆ. ಅವರು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಚೀಲವನ್ನು ಮೇಲಿನ ಮೆಟ್ಟಿಲ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಹನ್ನೆರಡು ಹೆಜ್ಜೆಯ ಓಣಿ. ಅದನ್ನು ದಾಟಿ ಅವರು ಈ ಕಡೆ ಬಂದು ಒಂಬತ್ತು ವರ್ಷವಾಗಿತ್ತು.

"ಚೀಲ ತಂದೇನಿ ತಂಗಿ," ಎಂದರು. "ಬಂದರಕ್ಕ ಹೋಗಬೇಕಾಗೈತಿ. ನಮ್ಮ ಚಂಪಾಗ ದಿನ ತುಂಬ್ಯಾವ."

"ಯಾವಾಗ?"

"ನಾಡದ ಮುಂಜಾನಿ ಬಸ್ಸಿಗೆ."

"ಎಷ್ಟ ದಿನಾ?"

"ಆಕಿಗೆ ಅವ್ವ ಇಲ್ಲ, ಅತ್ತಿ ಇಲ್ಲ. ಬಾಣಂತನ ಮುಗಿಯೂತನಕಾ ಇರಬೇಕು. ಎರಡು ತಿಂಗಳರೆ ಆಗತೈತಿ."

ನಾನು ಚೀಲ ಎತ್ತಿಕೊಂಡೆ. ಎತ್ತಿಕೊಳ್ಳದೆ ಇರುವಂತಿರಲಿಲ್ಲ.

ನಮ್ಮ ಊರಿನಲ್ಲಿ ಯಾರೂ ತಮ್ಮ ಚೀಲವನ್ನು ತಾವು ತುಂಬಿಕೊಳ್ಳುವುದಿಲ್ಲ. ಊರು ಬಿಟ್ಟು ಹೊರಟವರ ಚೀಲವನ್ನು ಎದುರು ಮನೆಯವರು ತುಂಬುತ್ತಾರೆ. ಹೊರಟವರು ತಮಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಬಾರದು. ತುಂಬುವವರು ಕೇಳಿದ್ದಕ್ಕೆ ಉತ್ತರ ಹೇಳಬೇಕು, ಅಷ್ಟೆ. ತುಂಬಿದವರು ಏನೇನು ಹಾಕಿದೆವೆಂದು ಪಟ್ಟಿ ಬರೆದು ತಮ್ಮಲ್ಲಿಟ್ಟುಕೊಂಡು, ವರ್ಷ ಕಳೆದ ಮೇಲೆ ಹರಿದು ಹಾಕುತ್ತಾರೆ. ಚೀಲದ ಬಾಯಿಗೆ ಅವರ ಮನೆಯ ದಾರ ಬಿದ್ದಮೇಲೆ ಸೇರುವ ಊರು ಸೇರುವವರೆಗೆ ಬಿಚ್ಚುವಂತಿಲ್ಲ. ದಾರವಿಲ್ಲದ ಚೀಲವನ್ನು ಕಂಡಕ್ಟರು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಎದುರು ಮನೆಯ ಬಾಗಿಲನ್ನು ನೋಡುತ್ತಾರೆ. ಓಣಿಯ ಕೊನೆಯ ಶಂಕ್ರೆವ್ವನ ಮನೆಗೆ ಎದುರಾಗಿ ಎಮ್ಮೆಗಳ ಕೊಟ್ಟಿಗೆ ಮಾತ್ರ ಇದೆ. ಅವಳು ತವರಿಗೆ ಹೊರಟಾಗಲೆಲ್ಲ ಎಮ್ಮೆ ಕಾಯುವಾತ ಕೈಕಾಲು ತೊಳೆದುಕೊಂಡು ಬಂದು ಸೀರೆ ಮಡಚುತ್ತಾನೆ. ಈಗ ಅವನಷ್ಟು ನೀಟಾಗಿ ಸೀರೆ ಮಡಚುವವರು ಊರಿನಲ್ಲಿ ಇನ್ನೊಬ್ಬರಿಲ್ಲ. ಹೊಸದಾಗಿ ಮದುವೆಯಾದ ಒಬ್ಬ ಮಾಸ್ತರರ ಚೀಲಕ್ಕೆ ಎದುರು ಮನೆಯ ಮುದುಕ ಉಪ್ಪಿನಕಾಯಿ ಭರಣಿಗಳನ್ನಷ್ಟೇ ತುಂಬಿದ್ದ. ಅವರು ಎಂಟು ದಿನ ಒಂದೇ ಅಂಗಿಯಲ್ಲಿ ತಿರುಗಾಡಿ ಬಂದರು. ಮುದುಕನಿಗೆ ನಮಸ್ಕಾರ ಹೇಳುವುದನ್ನು ಬಿಡಲಿಲ್ಲ. ಜಗಳವಾಡಿದ ಮನೆಗಳವರು ಮಾತ್ರ ಊರು ಬಿಡುವುದಿಲ್ಲ. ಬಾಗಿಲಿಗೆ ಬಂದ ಚೀಲವನ್ನು ಒಲ್ಲೆ ಎನ್ನುವಂತಿಲ್ಲವಾದ್ದರಿಂದ ಅವರು ಚೀಲವನ್ನೇ ತರುವುದಿಲ್ಲ. ಹಾಗಾಗಿ ನನ್ನ ತಂಗಿಯ ಮಗಳ ಮದುವೆಗೆ ನಾನು ಹೋಗಲಿಲ್ಲ. ಅಡಿವೆಪ್ಪನವರ ಅಣ್ಣ ತೀರಿಕೊಂಡಾಗ ಅವರು ಹೋಗಲಿಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ವೈಶಾಖದಲ್ಲಿ ನನ್ನ ಗಂಡ ಗುರುಪಾದಪ್ಪ ಗಿರಣಿಗೆ ಮೋಟಾರು ಕೊಳ್ಳಲೆಂದು ಬಂದರಕ್ಕೆ ಹೋದರು. ಹಡಗುಗಳಿಂದ ಇಳಿಸಿದ ಹಳೆಯ ಮೋಟಾರುಗಳು ಅಲ್ಲಿ ಸಿಗುತ್ತವೆಂದು ಯಾರೋ ಹೇಳಿದ್ದರು. ಅಡಿವೆಪ್ಪನವರ ಮನೆಯ ನೀಲಿ ದಾರ ಬಿದ್ದ ಚೀಲ ಹಿಡಿದು ಬಸ್ಸು ಹತ್ತಿದರು. ಮೂರನೆಯ ದಿನ ಮಧ್ಯಾಹ್ನ ಅಲ್ಲಿನ ಬೀದಿಯಲ್ಲಿ ಬಿದ್ದರು. ಮೈಯ ಕಾವು ಹೊರಗೆ ಹೋಗಲಿಲ್ಲವೆಂದು ವೈದ್ಯರು ಬರೆದುಕೊಟ್ಟರು. ಬೀಳುವಾಗ ಅವರ ಮೈಮೇಲೆ ಕರಿ ಉಣ್ಣೆಯ ಕೋಟಿತ್ತು. ಅವರ ಹೆಣದ ಹಿಂದೆ ಚೀಲವೂ ಬಂತು. ಬಿಚ್ಚಿ ನೋಡಿದೆ. ದಪ್ಪ ಟರ್ಕಿ ಟವೆಲುಗಳು, ಮೂರು ನೈಲಾನ್ ಅಂಗಿ, ಒಂದು ಶಾಲು, ಕುತ್ತಿಗೆಗೆ ಸುತ್ತುವ ಮಫ್ಲರು. ಎಲ್ಲಕ್ಕೂ ಪೆಪ್ಪರಮೆಂಟು ಕರಗಿ ಅಂಟಿಕೊಂಡಿತ್ತು. ಕೋಟಿನ ಕಂಕುಳಲ್ಲಿ ಉಪ್ಪಿನ ಬಿಳಿ ಗೆರೆಗಳಿದ್ದವು.

ನಮ್ಮದು ಒಣ ಊರು. ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಹಿಂಡಿದ ಸೀರೆಯನ್ನು ಹಗ್ಗಕ್ಕೆ ಹಾಕಿ ಒಲೆಯ ಮೇಲಿನ ಹಾಲು ಇಳಿಸಿ ಬರುವುದರೊಳಗೆ ಒಣಗಿರುತ್ತದೆ. ಬಿಸಿಲೆಂದರೆ ನಮಗೆ ಒಂದೇ ಬಿಸಿಲು. ಅದರಲ್ಲಿ ಇನ್ನೊಂದು ಜಾತಿ ಇದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅಡಿವೆಪ್ಪ ತಿಳಿಯದೆ ತುಂಬಿದ್ದಾನೆ, ಅವನದೇನು ತಪ್ಪು ಎಂದು ಕೆಲವರು ಹೇಳಿದರು. ಗಡಿಯಾರ ರಿಪೇರಿ ಮಾಡುವ ಅಡಿವೆಪ್ಪನಿಗೆ ಬಂದರದಿಂದ ಬಂದ ಗಡಿಯಾರಗಳ ಗಾಜಿನೊಳಗೆ ನೀರು ಕಾಣಿಸಿರಲಿಲ್ಲವೇ ಎಂದು ಇನ್ನು ಕೆಲವರು ಹೇಳಿದರು. ನಾನು ಆ ಮನೆಯ ಕಡೆ ನೋಡುವುದನ್ನು ಬಿಟ್ಟೆ. ಅವರ ಹೆಂಡತಿ ಕಾಶವ್ವನನ್ನು ಹೊತ್ತುಕೊಂಡು ಹೋದ ದಿನವೂ ನನ್ನ ಬಾಗಿಲು ಹಾಕಿಯೇ ಇತ್ತು. ಎರಡು ವರ್ಷದ ಹಿಂದೆ, ನಾರಿನ ಹಗ್ಗ ಮಾರಲು ಬಂದ ಬಂದರದ ಹುಡುಗನೊಬ್ಬನನ್ನು ಅವರ ಮಗಳು ಚಂಪಾ ಮದುವೆಯಾದಳು. ಅವಳು ಊರು ಬಿಡುವಾಗ ನಾನು ಕಿಟಕಿಯ ಸಂದಿನಿಂದ ನೋಡಿದೆ. ಉಟ್ಟ ಸೀರೆಯಲ್ಲಿ, ಇನ್ನೊಂದು ಸೀರೆಯನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದಳು. ನನ್ನಲ್ಲಿಗೆ ಚೀಲ ತರಲು ಆಗದ ಸೊಕ್ಕು ಎಂದುಕೊಂಡೆ.

ಆದರೆ ಆ ವರ್ಷಗಳಲ್ಲಿ ಬಂದರದ ಬಿಸಿಲನ್ನು ನಾನು ಕೇಳಿ ಕೇಳಿ ಕಲಿತೆ. ಹಿಟ್ಟು ಬೀಸಿಸಲು ಬರುವವರಲ್ಲಿ ಉಪ್ಪಿನ ಗಾಡಿಯವರಿದ್ದರು, ಬಸ್ ಡ್ರೈವರರಿದ್ದರು, ಅಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದ ಒಬ್ಬ ನರ್ಸಮ್ಮ ಇದ್ದರು. ಅಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ದಪ್ಪ ಟವೆಲು ಒಮ್ಮೆ ಒದ್ದೆಯಾದರೆ ಮೂರು ದಿನ ವಾಸನೆ ಹೊಡೆಯುತ್ತದೆ. ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಹಪ್ಪಳ ಬಟ್ಟೆಯಂತೆ ಮಡಚುತ್ತದೆ. ಇವನ್ನೆಲ್ಲ ಕೇಳಿಕೊಂಡು, ಗಿರಣಿಯ ಸದ್ದಿನಲ್ಲಿ ಕುಳಿತು, ನನ್ನ ಗಂಡನ ಚೀಲವನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬಿಚ್ಚಿ ಮತ್ತೆ ತುಂಬಿದ್ದೇನೆ.

ಮಾರನೆಯ ದಿನ ಬೆಳಿಗ್ಗೆ ಅಡಿವೆಪ್ಪನವರ ಮನೆಗೆ ಹೊರಟಾಗ ಅವರ ಖಾಲಿ ಚೀಲದ ಜೊತೆ ನನ್ನ ಬಳಿ ಎರಡು ಗಂಟುಗಳಿದ್ದವು. ಒಂದರಲ್ಲಿ ನಾನು ಕೂಡಿಸಿದ್ದ ಸಾಮಾನು, ಇನ್ನೊಂದರಲ್ಲಿ ಆ ಕೋಟು. ಅದನ್ನು ಚೀಲದ ತಳಕ್ಕೆ ಹಾಕಬೇಕೆಂದು ನಿಶ್ಚಯಿಸಿದ್ದೆ. ಅವರು ಅಲ್ಲಿ ಮಗಳ ಎದುರು ದಾರ ಬಿಚ್ಚಬೇಕು, ಒಂದೊಂದೇ ತೆಗೆಯುತ್ತ ಹೋಗಬೇಕು, ಕೊನೆಯಲ್ಲಿ ಅದು ಕೈಗೆ ಬರಬೇಕು. ಅದರಿಂದ ಯಾರೂ ಸಾಯುವುದಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಚೀಲ ತುಂಬುವಾಗ ಹೊರಟವರು ಮನೆಯೊಳಗಿರುವಂತಿಲ್ಲ. ಅಡಿವೆಪ್ಪನವರು ಹೊರಗೆ ಕಟ್ಟೆಯ ಮೇಲೆ ಕಿಟಕಿಗೆ ಬೆನ್ನು ಮಾಡಿ ಕುಳಿತರು. ನಾನು ಅವರ ಪಡಸಾಲೆಯಲ್ಲಿ ಚೀಲವನ್ನು ನೆಲದ ಮೇಲೆ ಹರಡಿದೆ. ಮೊದಲು ಕೋಟನ್ನು ತಳಕ್ಕೆ ಹಾಸಿದೆ. ಆಮೇಲೆ ಕೇಳಲು ಶುರುಮಾಡಿದೆ.

"ಗುಳಿಗಿ ಏನರ ತಗೋತೀರಿ?"

"ಬೀಪಿದು. ಮುಂಜಾನಿ ಒಂದು."

"ಬೆವರುಗುಳ್ಳಿ ಏಳತಾವೇನು?"

"ಈ ಊರಾಗ ಎಲ್ಲಿಂದ ಏಳಬೇಕು? ಗೊತ್ತಿಲ್ಲ."

"ನೀರ ಎಷ್ಟ ಕುಡೀತೀರಿ?"

"ನೀರಡಿಕಿ ಆದಾಗ ಕುಡೀತೇನಿ."

"ಅಲ್ಲಿ ನೀರಡಿಕಿ ಆಗೂತನಕಾ ಕಾಯಬ್ಯಾಡ್ರಿ. ಆಗೂದ್ರಾಗ ತಡಾ ಆಗಿರತೈತಿ."

ಅವರು ಹೂಂ ಎಂದರು. ಒಂಬತ್ತು ವರ್ಷದ ಮೇಲೆ ನಾವು ಆಡಿದ ಮಾತುಗಳು ಇವು. ನಾನು ಸಕ್ಕರೆ ಉಪ್ಪು ಕಲಸಿದ ಪೊಟ್ಟಣಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿಯ ಜೊತೆ ಹಾಕಿದೆ. ಗುಳಿಗೆ ಮತ್ತು ಬೆಂಕಿಪೆಟ್ಟಿಗೆಗೆ ಇನ್ನೊಂದು ಡಬ್ಬಿ. ಚರ್ಮದ ಚಪ್ಪಲಿ ಬಿಟ್ಟು ರಬ್ಬರಿನವು. ಮೈಗೆ ಹಚ್ಚುವ ಪೌಡರು, ಛತ್ರಿ, ತಾಳೆಗರಿಯ ಬೀಸಣಿಗೆ. ಟವೆಲಿನ ಬದಲು ತೆಳುವಾದ ಮೂರು ಅಂಗವಸ್ತ್ರ. ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಪಂಚೆಗಳನ್ನು ಮುಟ್ಟಿ ನೋಡಿದೆ. ಎಲ್ಲ ಹೊಸವು, ಗಂಜಿ ಹಾಕಿ ಬಿರುಸಾಗಿದ್ದವು.

"ಹಳೇ ಪಂಚೆ ಇಲ್ಲೇನು? ಉಟ್ಟು ಉಟ್ಟು ಮೆತ್ತಗಾದಾವು?"

"ಅವು... ಕಾಶೀ ಟ್ರಂಕಿನ್ಯಾಗ ಅದಾವ. ಅದನ್ನ ತಗೀಬ್ಯಾಡ ತಂಗಿ. ಪ್ಯಾಟಿಯಿಂದ ತರತೇನಿ," ಎಂದರು.

ತುಂಬುವವರಿಗೆ ಆ ಮನೆಯ ಯಾವ ಪೆಟ್ಟಿಗೆಯನ್ನಾದರೂ ತೆಗೆಯುವ ಹಕ್ಕಿದೆ. ಹೊರಟವರು ಬೇಡ ಎಂದದ್ದನ್ನು ಮೊದಲು ತೆಗೆಯುವುದು ವಾಡಿಕೆ. ಮಂಚದ ಕೆಳಗಿನಿಂದ ಟ್ರಂಕು ಎಳೆದೆ. ಕಾಶವ್ವನ ಎರಡು ಸೀರೆ, ಒಂದು ಬಳೆಯ ಪೆಟ್ಟಿಗೆ, ಅವುಗಳ ಕೆಳಗೆ ಹಳೆಯ ಪಂಚೆಗಳು. ಒಂದನ್ನು ಕೊಡವಿದಾಗ ಮಡಿಕೆಯಿಂದ ಕಾಗದವೊಂದು ಬಿತ್ತು. ಶಾಲೆಯ ನೋಟುಬುಕ್ಕಿನ ಗೆರೆ ಹಾಳೆ. ದುಂಡನೆಯ ಅಕ್ಷರ, ಒತ್ತಿ ಒತ್ತಿ ಬರೆದದ್ದು.

ಮೇಲ್ಗಡೆ "ಗುರುಪಾದ ಮಾಮಾನ ಚೀಲ" ಎಂದಿತ್ತು. ಕೆಳಗೆ, ದೊಡ್ಡ ಟವೆಲ್ ಎರಡು, ಯಾಕೆಂದರೆ ಸಮುದ್ರದಲ್ಲಿ ಸ್ನಾನ ಮಾಡುತ್ತಾರೆ. ಹೊಳೆಯುವ ಅಂಗಿ ಮೂರು. ಶಾಲು ಒಂದು, ಮಫ್ಲರ್ ಒಂದು, ಸಮುದ್ರದ ಗಾಳಿ ತಂಪು ಇರುತ್ತದೆ. ಪೆಪ್ಪರಮೆಂಟು ಆರು, ನನ್ನವು. ಕೊನೆಯ ಸಾಲು ಬೇರೆ ಪೆನ್ಸಿಲಿನಲ್ಲಿತ್ತು: "ಕೋಟು ಒಂದು. ಮಾಮಾ ಕಿಟಕಿಗೆ ಬಂದು ಕೇಳಿದರು. ಕೇಳಬಾರದು ಅಂದೆ. ನಿಮ್ಮ ಅತ್ತಿ ಹಾಕಿಸಿಕೊಂಡು ಬಾ ಅಂದಾಳ ಅಂದರು. ಅದಕ್ಕೆ ಹಾಕಿದೆ."

ಅತ್ತಿ ಎಂದರೆ ನಾನು. ಆ ಹುಡುಗಿ ನನ್ನನ್ನು ಹಾಗೆ ಕರೆಯುತ್ತಿದ್ದಳು.

ಅಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ನಾನು ಹೇಳಿದ್ದೆ. ಕೋಟಿಲ್ಲದ ಹೋದ್ರ ಅಲ್ಲಿ ಸಾವಕಾರರು ನಿಮ್ಮನ್ನ ಹಮಾಲ ಅಂತ ತಿಳೀತಾರ, ಹೆಂಗರ ಮಾಡಿ ಕೋಟ ಚೀಲದಾಗ ಬರೂಹಂಗ ಮಾಡ್ರಿ, ಎಂದಿದ್ದೆ. ಆಮೇಲೆ ಗಿರಣಿಗೆ ಹೋದವಳು ಕತ್ತಲಾದ ಮೇಲೆ ಮನೆಗೆ ಬಂದು ದಾರ ಬಿದ್ದ ಚೀಲವನ್ನಷ್ಟೇ ನೋಡಿದ್ದೆ. ಅವರಿಗೆ ಆ ಕೋಟು ಅಷ್ಟೇನೂ ಇಷ್ಟವಿರಲಿಲ್ಲ. ಹೊಲಿಸಿದವಳು ನಾನು. ಈ ಮಾತನ್ನು ಮರೆತಿದ್ದೆ ಎಂದು ಹೇಳಲಾರೆ. ಅದನ್ನು ಎಲ್ಲೋ ಒಂದು ಮೂಲೆಯಲ್ಲಿಟ್ಟು ಒಂಬತ್ತು ವರ್ಷ ಆ ಕಡೆ ಹೋಗದೆ ಇದ್ದೆ, ಅಷ್ಟೆ.

ಕಾಗದ ಹಿಡಿದುಕೊಂಡು ಕಿಟಕಿಯ ಬಳಿ ಬಂದೆ. ಹೊರಗೆ ಅವರ ಬೆನ್ನು ಕಾಣುತ್ತಿತ್ತು.

"ಅಣ್ಣಾರ," ಎಂದೆ. "ಇದನ್ನ ಚಂಪಾ ಬರದಾಳ."

ಅವರು ತಿರುಗಲಿಲ್ಲ. "ಸಿಕ್ತೇನು," ಎಂದರು.

"ಚೀಲ ನೀವು ತುಂಬಿದ್ದಲ್ಲ."

"ಅವತ್ತ ಕಾಶೀನ ದವಾಖಾನಿಗೆ ಕರಕೊಂಡ ಹೋಗಿದ್ದೆ. ಕೆಮ್ಮಿನಾಗ ರಕ್ತ ಬಿದ್ದಿತ್ತು. ನಾ ಬಂದಮ್ಯಾಲ ತುಂಬತೇನಿ ಅಂದಿದ್ದೆ. ಸಂಜಿಮುಂದ ಬಂದ ನೋಡಿದ್ರ ತಾನ ತುಂಬಿ ದಾರಾ ಕಟ್ಟಿಬಿಟ್ಟಿದ್ಲು. ಹದಿಮೂರ ವರ್ಷದ ಹುಡುಗಿ. ಎಷ್ಟ ಖುಷಿಯಾಗಿದ್ಲಂದ್ರ, ಅಪ್ಪಾ ನಾನ ಕಟ್ಟೇನಿ ನೋಡು ಅಂತ ಕುಣೀತಿದ್ಲು. ದಾರಾ ಬಿದ್ದಮ್ಯಾಲ ಬಿಚ್ಚಾಕ ಬರೂದಿಲ್ಲಲ್ಲ. ಸುದ್ದಿ ಬಂದಮ್ಯಾಲ ನಾನ ತುಂಬೇನಿ ಅಂತ ಎಲ್ಲಾರಿಗೂ ಹೇಳಿದೆ. ಆಕಿಗೂ ಹಂಗ ಹೇಳಾಕ ಹಚ್ಚಿದೆ."

"ಅವರು ಯಾಕ ಹೋದ್ರಂತ ಆಕಿಗೆ ತಿಳೀತೇನು?"

"ನಾ ಹೇಳಿಲ್ಲ. ಆದ್ರ ಅವತ್ತಿಂದ ಆಕಿ ಒಂದ ಚೀಲಾ ಮುಟ್ಟಿಲ್ಲ. ಸಾಲಿಗೆ ಸೈತ ಪುಸ್ತಕಾ ಕೈಯಾಗ ಹಿಡಕೊಂಡ ಹೋಗತಿದ್ಲು."

ಅದನ್ನು ನಾನು ನೋಡಿದ್ದೆ. ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಹೋಗುವ ಹುಡುಗಿ. ದೊಡ್ಡವಳಾದಳು, ಶೋಕಿ ಕಲಿತಿದ್ದಾಳೆ ಎಂದುಕೊಂಡಿದ್ದೆ. ಪೇಪರಿನಲ್ಲಿ ಸುತ್ತಿದ ಸೀರೆಯೂ ಈಗ ಬೇರೆಯಾಗಿ ಕಂಡಿತು.

"ಇದರಾಗ ನನ್ನ ಹೆಸರೂ ಐತಿ," ಎಂದೆ. "ಒಂದ ಸಲ ತೋರಿಸಿದ್ರ ಸಾಕಿತ್ತು. ಊರಿನವ್ರು ನಿಮ್ಮನ್ನ ಬಿಟ್ಟು ನನ್ನ ಮಾತಾಡತಿದ್ರು."

"ತೋರಿಸಿ ಏನ ಮಾಡೂದು ತಂಗಿ? ನಿನಗ ಮೊದಲ ಗಂಡ ಹೋಗಿದ್ದ. ಅದರ ಮ್ಯಾಲ ಇದನ್ನೂ ಹೊರಸಲೇನು?" ಈಗ ಅವರು ತಿರುಗಿದರು. ಕನ್ನಡಕದ ಹಿಂದೆ ಅವರ ಕಣ್ಣುಗಳು ತುಂಬ ಮುದಿಯಾಗಿದ್ದವು. "ಹುಡುಗಿಗೆ ಹೊರೂ ಶಕ್ತ್ಯಾ ಇರಲಿಲ್ಲ, ನಿನಗೂ ಇರಲಿಲ್ಲ. ನನಗ ಜಾಗಾ ಇತ್ತು."

ನಾನು ಅಳಲಿಲ್ಲ. ಅವರೂ ಅಳಲಿಲ್ಲ. ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು, ಇಬ್ಬರನ್ನೂ ಕಿಟಕಿಯಲ್ಲಿ ನೋಡಿ ನಿಧಾನ ಮಾಡಿ, ಮತ್ತೆ ಮುಂದೆ ಹೋದರು. ಪಂಚೆಗಳನ್ನು ಮಡಚುವುದು ಬಾಕಿ ಇತ್ತು. ಒಳಗೆ ಹೋಗಿ ಮಡಚಿದೆ. ಆಮೇಲೆ ಚೀಲದಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು, ತಳದಲ್ಲಿದ್ದ ಕೋಟನ್ನು ನನ್ನ ಗಂಟಿಗೆ ವಾಪಸು ಕಟ್ಟಿ, ಮತ್ತೆ ಮೊದಲಿನಿಂದ ತುಂಬಿದೆ.

ಆದರೂ ಚೀಲದಲ್ಲಿ ಜಾಗ ಉಳಿಯಿತು. ದಾರ ಕಟ್ಟದೆ ಎದ್ದು ಮನೆಗೆ ಹೋದೆ. ಅಂಟು, ಒಣಕೊಬ್ಬರಿ, ಉತ್ತತ್ತಿ ಮನೆಯಲ್ಲಿದ್ದವು. ಒಲೆ ಹೊತ್ತಿಸಿ ಬಾಣಂತಿಗೆ ಕೊಡುವ ಅಂಟಿನುಂಡೆ ಕಟ್ಟಿದೆ. ಆ ಊರಿನಲ್ಲಿ ಬೆಲ್ಲ ಬೇಗ ನೀರು ಬಿಡುತ್ತದೆಂದು ಪಾಕವನ್ನು ಒಂದು ಎಳೆ ಹೆಚ್ಚೇ ಬಿಗಿ ಮಾಡಿದೆ. ನನ್ನ ಗಂಡನ ಹಳೆಯ ಮಲ್ಮಲ್ ಧೋತರವೊಂದನ್ನು ಹರಿದು ಕೂಸಿಗೆ ಹತ್ತು ಬಟ್ಟೆ ಮಾಡಿದೆ. ಸಂಜೆಯ ಬಿಸಿಲು ಇನ್ನೂ ಇರುವಾಗ ಎಲ್ಲವನ್ನೂ ಒಯ್ದು ತುಂಬಿ, ನಮ್ಮ ಮನೆಯ ಬಿಳಿ ದಾರ ಕಟ್ಟಿದೆ. ಅಡಿವೆಪ್ಪನವರು ಕಟ್ಟೆಯ ಮೇಲೇ ಕುಳಿತಿದ್ದರು. ಚೀಲ ಎತ್ತಿ ಭಾರ ನೋಡಿದರು. ಏನಿದೆ ಎಂದು ಕೇಳಲಿಲ್ಲ.

ಅವರು ಹೋದ ಮೇಲೆ ನಾನು ಗಿರಣಿ ನಡೆಸಿಕೊಂಡು ಇದ್ದೆ. ಕೋಟನ್ನು ಕತ್ತರಿಸಿ, ಗಿರಣಿಯಲ್ಲಿ ನಾನು ಕೂರುವ ಸ್ಟೂಲಿಗೆ ಮೆತ್ತೆ ಮಾಡಿಕೊಂಡೆ. ಕೂರಲು ಚೆನ್ನಾಗಿದೆ. ಹಿಟ್ಟು ಬೀಸಿಸಲು ಬಂದ ಹೆಂಗಸರು ಅಡಿವೆಪ್ಪನ ಚೀಲಕ್ಕೆ ಏನು ಹಾಕಿದೆ ಎಂದು ಸುತ್ತಿ ಬಳಸಿ ಕೇಳಿದರು. ಹಾಕಬೇಕಾದ್ದು ಹಾಕಿದೆ ಎಂದೆ. ಪಟ್ಟಿಯ ವಿಷಯವನ್ನು ಒಬ್ಬಳಿಗೆ, ಶಂಕ್ರೆವ್ವನಿಗೆ, ಹೇಳಿದೆ. ಕೋಟಿನ ಸಾಲನ್ನೂ ಬಿಡದೆ ಹೇಳಿದೆ. ಅವಳಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ, ಅದು ಗೊತ್ತಿದ್ದೇ ಹೇಳಿದ್ದು. ನಾಲ್ಕು ದಿನ ಜನ ನನ್ನ ಕಡೆ ನೋಡಿ ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಮೊದಲಿನಂತೆ ಹಿಟ್ಟು ಬೀಸಿಸಿಕೊಂಡು ಹೋದರು.

ಇಪ್ಪತ್ತು ದಿನದ ಮೇಲೆ ಚಂಪಾಳ ಕಾಗದ ಬಂತು. ಲಕೋಟೆ ಮೆತ್ತಗಾಗಿತ್ತು, ಅಕ್ಷರಗಳು ಅಲ್ಲಲ್ಲಿ ಹರಡಿದ್ದವು. ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದೇವೆ, ನೀವು ಹೇಳಿದ ಹಾಗೆ ಅಪ್ಪ ತಾಸಿಗೊಮ್ಮೆ ನೀರು ಕುಡಿಯುತ್ತಾರೆ ಎಂದು ಬರೆದಿದ್ದಳು. ಮುಂದೆ ಅವಳದೇ ಮಾತಿನಲ್ಲಿ ಹೀಗಿತ್ತು: "ಅತ್ತಿ, ಚೀಲಾ ನೀನ ಬಿಚ್ಚು ಅಂತ ಅಪ್ಪ ಅಂದ್ರು. ನಾ ಒಲ್ಲೆ ಅಂದೆ. ಆಮ್ಯಾಲ ಬಿಚ್ಚಿದೆ. ಒಂದೊಂದ ತಗದು ಹಾಸಿಗಿ ಮ್ಯಾಲ ಇಟ್ಟೆ. ಎಲ್ಲಾ ಇಟ್ಟಮ್ಯಾಲ, ಅವತ್ತ ಮಾಮಾನ ಚೀಲದಾಗ ಏನೇನ ಇರಬೇಕಿತ್ತು ಅಂತ ನೋಡಿದಂಗಾತು. ಇಲ್ಲಿಗೆ ಬಂದ ಮೊದಲನೇ ಬ್ಯಾಸಗಿಗೇ ನನಗ ತಿಳದಿತ್ತು, ಯಾರಿಗೂ ಹೇಳಿರಲಿಲ್ಲ. ನಿಮ್ಮ ಮುಂದ ಬಂದು ನಿಂದರಬೇಕು ಅನಸತೈತಿ. ಹಸೀ ಕೂಸ, ಇಷ್ಟ ದೂರ ಬರಾಕ ಆಗೂದಿಲ್ಲ. ನೀವು ಬರತೀರೇನು?"

ಹೋಗಬೇಕೆಂದು ತಕ್ಷಣ ನಿಶ್ಚಯ ಮಾಡಿದೆ. ಖಾಲಿ ಚೀಲ ಕೈಗೆತ್ತಿಕೊಂಡು ಬಾಗಿಲಿಗೆ ಬಂದ ಮೇಲೆ ನೆನಪಾಯಿತು, ಎದುರು ಮನೆಗೆ ಬೀಗ. ನನ್ನ ಚೀಲ ತುಂಬಬೇಕಾದ ಮನುಷ್ಯ ಬಂದರದಲ್ಲೇ ಇದ್ದಾರೆ.

ಊರ ಹಿರಿಯ ಸಂಗಯ್ಯನವರನ್ನು ಕೇಳಿದೆ. "ಎದುರು ಮನಿ ಬೀಗ ಹಾಕಿದ್ರ ಕಾಯಬೇಕು ದಾಕ್ಷಾಯಣಿ," ಎಂದರು. "ನಮ್ಮ ಅಜ್ಜ ಏಳು ತಿಂಗಳ ಕಾದಾನ."

"ಬಾಜೂದವರು ತುಂಬಿದ್ರ?"

"ಬಾಜೂ ಬಾಜೂನ, ಎದುರು ಎದುರು."

"ಚೀಲಾ ಇಲ್ಲದ ಹೋದ್ರ?"

ಚೀಲದ ಬಗ್ಗೆ ಅವರಿಗೆ ಎಲ್ಲ ಕಟ್ಟಳೆಗಳೂ ಬಾಯಿಪಾಠವಿದ್ದವು. ಬರಿಗೈಯ ಬಗ್ಗೆ ಒಂದೂ ಇರಲಿಲ್ಲ. "ಹಂಗ ಯಾರ ಹೋಗತಾರ?" ಎಂದರು. "ಬದಲಿ ಸೀರಿ ಇಲ್ಲದ, ನೀರಿನ ತಂಬಿಗಿ ಇಲ್ಲದ, ಗೊತ್ತಿಲ್ಲದ ಊರಿಗೆ?"

ಗಿರಣಿಯ ಬೀಗದ ಕೈಯನ್ನು ಶಂಕ್ರೆವ್ವನಿಗೆ ಕೊಟ್ಟು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಸೀಟಿನ ಕೆಳಗೆ ಬಗ್ಗಿ ನೋಡಿದ, ಮೇಲೆ ನೋಡಿದ, ಹಿಂದಿನ ಸೀಟಿನವರನ್ನು ಕೇಳಿದ.

"ಚೀಲಾ ಎಲ್ಲೈತಿ ಯವ್ವಾ?"

"ಇಲ್ಲ."

"ಇಲ್ಲಂದ್ರ? ನಾ ದಾರಾ ಎಲ್ಲಿ ನೋಡಲಿ?"

"ಚೀಲಾನ ಇಲ್ಲ, ದಾರಾ ಎಲ್ಲಿಂದ ಬರಬೇಕು?"

ಅವನು ಡ್ರೈವರನ ಹತ್ತಿರ ಹೋಗಿ ಏನೋ ಮಾತಾಡಿ ಬಂದು, ಮುಖ ಸಣ್ಣದು ಮಾಡಿಕೊಂಡು ಟಿಕೆಟ್ಟು ಹರಿದ. ದಾರಿಯುದ್ದಕ್ಕೂ ನನ್ನ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಒಮ್ಮೆ ತೊಡೆಯ ಮೇಲೆ, ಒಮ್ಮೆ ಕಿಟಕಿಯ ಕಂಬಿಯ ಮೇಲೆ ಇಟ್ಟುಕೊಂಡು ಕುಳಿತೆ.

ಮಧ್ಯಾಹ್ನ ಬಸ್ಸು ಘಟ್ಟ ಇಳಿಯಿತು. ಇಳಿದಂತೆ ಗಾಳಿ ದಪ್ಪವಾಯಿತು. ಮೊದಲು ಮೇಲ್ದುಟಿಯ ಮೇಲೆ ನೀರು ಮೂಡಿತು. ಕೈಯಿಂದ ಒರೆಸಿದೆ, ಮತ್ತೆ ಮೂಡಿತು. ಬೆನ್ನಿನ ನಡುವೆ ಏನೋ ಹರಿದುಹೋಯಿತು, ಹುಳುವೆಂದು ಬೆಚ್ಚಿ ಮುಟ್ಟಿ ನೋಡಿದೆ. ಬೆವರು. ಐವತ್ತೆರಡು ವರ್ಷದಲ್ಲಿ ನಾನು ನನ್ನ ಬೆವರನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಕುಪ್ಪಸ ಮೈಗೆ ಅಂಟಿತು. ನಾನು ಉಟ್ಟಿದ್ದು ನಮ್ಮ ಕಡೆಯ ದಪ್ಪ ನೂಲಿನ ಕೈಮಗ್ಗದ ಸೀರೆ. ಅದು ಕಾಲಿಗೆ ಸುತ್ತಿಕೊಂಡು ಹೆಜ್ಜೆ ಹಿಡಿಯಿತು. ಉಸಿರು ಎಳೆದರೆ ಬಿಸಿ ಬಟ್ಟೆಯನ್ನು ಮೂಗಿಗೆ ಒತ್ತಿದಂತಾಗುತ್ತಿತ್ತು. ಒಂಬತ್ತು ವರ್ಷ ಕೇಳಿ ಕಲಿತದ್ದರಲ್ಲಿ ಇದು ಇರಲಿಲ್ಲ. ಇದರ ಮೇಲೆ ಅವರು ಉಣ್ಣೆಯ ಕೋಟು ಹಾಕಿಕೊಂಡು ನಡೆದಿದ್ದರು. ನನ್ನ ಮಾತಿಗೆ ಬೆಲೆ ಕೊಟ್ಟು ನಡೆದಿದ್ದರು. ಒಂದು ಸೋಡಾ ಅಂಗಡಿಯ ನೆರಳಿನಲ್ಲಿ ಕುಳಿತೆ. ಅಂಗಡಿಯಾಕೆ ಏನೂ ಕೇಳದೆ ಉಪ್ಪು ಹಾಕಿದ ಲಿಂಬೆ ನೀರು ಕೊಟ್ಟಳು. ಕುಡಿದೆ. ಮುಖದ ಮೇಲೆ ಹರಿಯುತ್ತಿದ್ದುದೆಲ್ಲ ಬೆವರೇ ಎಂದು ಹೇಳಲಾರೆ. ಆ ಊರಿನಲ್ಲಿ ಅದನ್ನು ಬೇರೆ ಮಾಡಿ ನೋಡುವವರು ಯಾರೂ ಇರಲಿಲ್ಲ.

ಚಂಪಾಳ ಮನೆ ಕಡಲಿನ ಕಡೆಗೆ ಮುಖ ಮಾಡಿತ್ತು. ಎದುರಿಗೆ ಮನೆಯಿರಲಿಲ್ಲ, ಕಲ್ಲಿನ ತಡೆಗೋಡೆ, ಅದರಾಚೆ ನೀರು. ಅಂಗಳದ ಹಗ್ಗದ ಮೇಲೆ ಮಲ್ಮಲ್ಲಿನ ಹತ್ತು ತುಂಡುಗಳು ತೂಗುತ್ತಿದ್ದವು. ಅಡಿವೆಪ್ಪನವರು ಹಳೆಯ ಪಂಚೆಯಲ್ಲಿ, ಬರಿಮೈಯಲ್ಲಿ, ಮೆಟ್ಟಿಲ ಮೇಲೆ ಕುಳಿತು ಬೀಸಣಿಗೆ ಆಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದರು. ನನ್ನ ಎರಡೂ ಕೈಗಳನ್ನು ನೋಡಿದರು, ನನ್ನ ಹಿಂದೆ ರಸ್ತೆಯನ್ನು ನೋಡಿದರು.

"ಬರಿಗೈಲೆ ಬಂದೇನವ್ವಾ?" ಎಂದರು.

"ನೀವು ಇಲ್ಲಿದ್ರಿ. ತುಂಬಾವರ ಯಾರು?"

ಅವರು ಒಳಗೆ ತಿರುಗಿ ಮಗಳನ್ನು ಕರೆದರು. ಚಂಪಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು. ಇಪ್ಪತ್ತೆರಡು ವರ್ಷದ ಹೆಣ್ಣುಮಗಳು, ಮುಖ ಮಾತ್ರ ಆ ಪಟ್ಟಿ ಬರೆದ ಹುಡುಗಿಯದೇ. ಬಸ್ಸಿನಲ್ಲಿ ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಸೆಕೆಯಲ್ಲಿ ಎಲ್ಲೋ ಹೋಗಿದ್ದವು. ಅವಳ ಕಣ್ಣು ನನ್ನ ಮುಖದಿಂದ ಇಳಿದು ಸೀರೆಯ ಮೇಲೆ ನಿಂತಿತು. ಅದರ ಅಂಚಿನಿಂದ ನೀರು ತೊಟ್ಟಿಕ್ಕುವುದೊಂದು ಬಾಕಿ.

ಅವಳು ಕೂಸನ್ನು ಅಪ್ಪನ ಕೈಗೆ ಕೊಟ್ಟು ಸರಸರನೆ ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದು, ಬಟ್ಟೆಗಳನ್ನು ಒಂದೊಂದಾಗಿ ಸರಿಸುವ ಸದ್ದು ಕೇಳಿಸಿತು. ಬಹಳ ಹೊತ್ತು ಹುಡುಕಿದಳು. ಕೊನೆಗೆ ಒಂದು ಸೀರೆಯನ್ನು ಎರಡೂ ಕೈಗಳ ಮೇಲೆ ಇಟ್ಟುಕೊಂಡು ಬಂದು ನನ್ನ ಎದುರು ನಿಂತಳು. ತೊಳೆದು ತೊಳೆದು ಬಣ್ಣ ಹೋಗಿ ತೆಳುವಾದ ನೂಲಿನ ಸೀರೆ.

"ಇದು ನಡೀತೈತೇನು ಅತ್ತಿ?" ಎಂದಳು.

ಸೆರಗನ್ನು ಬೆರಳುಗಳ ನಡುವೆ ಹಿಡಿದು ಎತ್ತಿ ನೋಡಿದೆ. ಅದರಾಚೆ ಕಡಲು ಕಾಣುತ್ತಿತ್ತು.

"ಇದ ಬೇಕಾಗಿತ್ತು," ಎಂದೆ. ಒಳಗೆ ಹೋಗಿ ಅದನ್ನು ಉಟ್ಟುಕೊಂಡು ಬಂದು ಕೂಸಿಗಾಗಿ ಕೈ ಚಾಚಿದೆ.